ಬೆಳೆದ ಬಾತುಕೋಳಿಯ ರೆಕ್ಕೆ ತಿರುಚಿಕೊಂಡಿದ್ದರೆ ಏನು ಮಾಡಬೇಕು?

ಕಳೆದ ಜುಲೈನಲ್ಲಿ, ಜೋರು ಮಳೆಯ ಒಂದು ಬೆಳಿಗ್ಗೆ, ಉಡುಪಿ ಜಿಲ್ಲೆಯ ಕಟಪಾಡಿ ಹತ್ತಿರದ ನಮ್ಮ ಮನೆ ಅಂಗಳಕ್ಕೆ ಒಬ್ಬ ಹುಡುಗ ಬಂದ. ಕೈಯಲ್ಲಿ ತರಕಾರಿಯ ಪ್ಲಾಸ್ಟಿಕ್ ಕ್ರೇಟು, ಒಳಗೆ ಒಂದು ಬಿಳಿ ಬಾತುಕೋಳಿ. "ಅಕ್ಕಾ, ಇದರ ರೆಕ್ಕೆ ಮುರಿದಿದೆ. ನೀವು ಕಟ್ಟಿ ಕೊಡ್ತೀರಂತೆ, ಅಮ್ಮ ಹೇಳಿದ್ರು" ಅಂದ. ಹೊರಗೆ ತೆಗೆದು ನೋಡಿದೆ. ಎಡ ರೆಕ್ಕೆಯ ತುದಿ ಹೊರಕ್ಕೆ ಚಾಚಿಕೊಂಡಿತ್ತು. ಮುಟ್ಟಿದರೆ ಅದು ಒದ್ದಾಡಲಿಲ್ಲ, ನೋವಿನ ಸುಳಿವೇ ಇಲ್ಲ. ಯಾವಾಗಿನಿಂದ ಹೀಗಿದೆ ಅಂತ ಕೇಳಿದೆ. "ಸಣ್ಣದಿರುವಾಗಿಂದಲೂ ಹೀಗೇ. ಈಗ ಒಂದೂವರೆ ವರ್ಷ ಆಯ್ತು, ಈಗ ತೋಟದ ಬಲೆಗೆ ಸಿಕ್ಕಿಹಾಕಿಕೊಳ್ತಾ ಇದೆ" ಅಂದ.

ನಾನು ಕಟ್ಟಲಿಲ್ಲ. ಯಾಕೆ ಕಟ್ಟಲಿಲ್ಲ, ಬದಲಿಗೆ ಏನು ಮಾಡಿದೆವು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೆಳೆದ ಬಾತುಕೋಳಿಯ ತಿರುಚಿದ ರೆಕ್ಕೆ ಸಾಮಾನ್ಯವಾಗಿ ನೆಟ್ಟಗಾಗುವುದಿಲ್ಲ. ಆದರೆ ಆ ರೆಕ್ಕೆ ಇಟ್ಟುಕೊಂಡೇ ಅದು ಸುಖವಾಗಿ ಬದುಕುವ ಹಾಗೆ ಮಾಡಬಹುದು. ನಿಜವಾಗಿ ಪೆಟ್ಟಾದ ರೆಕ್ಕೆಯ ವಿಷಯ ಬೇರೆ. ಅದಕ್ಕೆ ಅವತ್ತೇ ಚಿಕಿತ್ಸೆ ಆಗಬೇಕು. ಈ ಎರಡನ್ನೂ ಬೇರೆ ಮಾಡಿ ನೋಡುವುದು ಮೊದಲ ಕೆಲಸ.

ಮೊದಲು ದೂರದಿಂದ ನೋಡಿ

ಹಿಡಿಯಲು ಓಡಿಸಬೇಡಿ. ಬಾತು ಗಾಬರಿಯಾದರೆ ರೆಕ್ಕೆಯನ್ನು ಹೇಗೆ ಇಟ್ಟುಕೊಳ್ಳುತ್ತದೆ ಅಂತ ಗೊತ್ತಾಗುವುದಿಲ್ಲ. ಹತ್ತು ನಿಮಿಷ ಸುಮ್ನೆ ಕೂತು ಅದು ನಡೆಯುವುದನ್ನು, ತಿನ್ನುವುದನ್ನು, ಗರಿ ನೀವಿಕೊಳ್ಳುವುದನ್ನು ನೋಡಿ.

ಆರೋಗ್ಯದ ಬಾತುಕೋಳಿಯ ಎರಡೂ ರೆಕ್ಕೆ ಬೆನ್ನಿಗೆ ಅಂಟಿಕೊಂಡಿರುತ್ತವೆ, ತುದಿಗಳು ಬಾಲದ ಬುಡದ ಮೇಲೆ ಹತ್ತಿರ ಬರುತ್ತವೆ. ತಿರುಚಿದ ರೆಕ್ಕೆಯಲ್ಲಿ ತೋಳು, ಮುಂಗೈ ಭಾಗ ಎಲ್ಲ ಸರಿಯಾಗಿಯೇ ಮೈಗೆ ಅಂಟಿರುತ್ತದೆ. ಮಣಿಕಟ್ಟಿನಿಂದ ಮುಂದಿನ ಭಾಗ ಮಾತ್ರ ಹೊರಕ್ಕೆ ತಿರುಗಿ, ದೊಡ್ಡ ಗರಿಗಳು ಕಡ್ಡಿ ಕಿತ್ತುಬಂದ ಛತ್ರಿಯ ಹಾಗೆ ಪಕ್ಕಕ್ಕೆ ಚಾಚಿರುತ್ತವೆ. ಇದನ್ನೇ ಏಂಜೆಲ್ ವಿಂಗ್ ಅನ್ನುತ್ತಾರೆ. ಹೆಚ್ಚಾಗಿ ಎಡ ರೆಕ್ಕೆಯಲ್ಲಿ ಕಾಣುತ್ತದೆ, ಕೆಲವಕ್ಕೆ ಎರಡರಲ್ಲೂ ಇರುತ್ತದೆ. ಬಾತು ಮಾತ್ರ ಏನೂ ಆಗದ ಹಾಗೆ ಓಡಾಡಿಕೊಂಡಿರುತ್ತದೆ.

ಪೆಟ್ಟಾದ ರೆಕ್ಕೆ ಹೀಗಿರುವುದಿಲ್ಲ. ಅದು ಪಕ್ಕಕ್ಕೆ ಚಾಚುವುದಿಲ್ಲ, ಕೆಳಗೆ ಜೋಲುತ್ತದೆ. ತುದಿ ನೆಲಕ್ಕೆ ಉಜ್ಜುತ್ತದೆ. ನಿನ್ನೆ ಸರಿಯಿದ್ದದ್ದು ಇವತ್ತು ಹೀಗಾಗಿರುತ್ತದೆ. ಊತ, ರಕ್ತ, ಹಸಿರು-ನೀಲಿ ಕಲೆ ಕಾಣಬಹುದು. ಆ ಕಡೆ ಕೈ ತಂದರೆ ಬಾತು ಎಳೆದುಕೊಳ್ಳುತ್ತದೆ.

ಎರಡೂ ರೆಕ್ಕೆ ಒಟ್ಟಿಗೆ ಜೋತುಬಿದ್ದಿದ್ದರೆ ಇನ್ನೂ ಎರಡು ಸಾಧ್ಯತೆ ಇದೆ. ಒಂದು, ಕಾಯಿಲೆ. ಬಾತು ಮಂಕಾಗಿ ಕೂತಿದೆ, ತಿನ್ನುತ್ತಿಲ್ಲ, ಹಿಕ್ಕೆ ನೀರಾಗಿದೆ ಅಂದರೆ ರೆಕ್ಕೆಯನ್ನು ನೋಡುತ್ತಾ ಕೂರಬೇಡಿ, ಪಶುವೈದ್ಯರಿಗೆ ಹೇಳಿ. ಒಟ್ಟಿಗೆ ನಾಲ್ಕಾರು ಬಾತುಗಳು ಹೀಗಾದರೆ ಅಥವಾ ಸಾಯಲು ಶುರುವಾದರೆ ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ ಕೂಡಲೇ ಪಶುಪಾಲನಾ ಇಲಾಖೆಗೆ ತಿಳಿಸಿ. ಬಾತುಗಳ ಪ್ಲೇಗ್, ಹಕ್ಕಿಜ್ವರ ಎರಡೂ ಹೀಗೆ ಶುರುವಾಗಬಹುದು. ನಮ್ಮ ಕರಾವಳಿಯ ಥಂಡಿಗೆ ಬೂಸ್ಟು ಹಿಡಿದ ಹಿಂಡಿಯೂ ಇದೇ ರೀತಿ ಬಾತುಗಳನ್ನು ಸೊರಗಿಸುತ್ತದೆ. ಬೂಸ್ಟಿನ ವಿಷಕ್ಕೆ ಕೋಳಿಗಿಂತ ಬಾತುಕೋಳಿ ತುಂಬ ಸೂಕ್ಷ್ಮ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗೋಣಿಯ ತಳದಲ್ಲಿ ಉಳಿದ ನೆಲಗಡಲೆ ಹಿಂಡಿಯನ್ನು ದಯವಿಟ್ಟು ಹಾಕಬೇಡಿ.

ಎರಡನೆಯದು, ಗರಿ ಉದುರುವ ಕಾಲ. ಬಾತುಕೋಳಿ ರೆಕ್ಕೆಯ ಹಾರುವ ಗರಿಗಳನ್ನೆಲ್ಲ ಒಂದೇ ಸಲ ಉದುರಿಸುತ್ತದೆ. ಕೋಳಿಗಳ ಹಾಗೆ ಒಂದೊಂದಾಗಿ ಅಲ್ಲ. ಹೊಸ ಗರಿ ಬರುವಾಗ ಅದರ ದಂಟಿನೊಳಗೆ ರಕ್ತ ತುಂಬಿರುತ್ತದೆ, ತೂಕ ಜಾಸ್ತಿ. ಅದಕ್ಕೇ ಮೂರು-ನಾಲ್ಕು ವಾರ ರೆಕ್ಕೆ ಸ್ವಲ್ಪ ಜೋತ ಹಾಗೆ ಕಾಣುತ್ತದೆ. ಗರಿ ಪೂರ್ತಿ ಬಂದ ಮೇಲೆ ತಾನಾಗಿಯೇ ಮೇಲೆ ಹೋಗುತ್ತದೆ. ಇದನ್ನು ರೋಗ ಅಂತ ತಿಳಿದು ಕಟ್ಟಿಹಾಕಿ ಎಳೆಗರಿಗಳನ್ನೆಲ್ಲ ಹಾಳು ಮಾಡಿದವರನ್ನು ನೋಡಿದ್ದೇನೆ.

ಈಗ ಹಿಡಿದು ನೋಡಿ

ರೆಕ್ಕೆ ಹಿಡಿದು ಎತ್ತಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬೆಳೆದ ಬಾತುಗಳ ರೆಕ್ಕೆಗೆ ಪೆಟ್ಟಾಗುವುದು ಎಷ್ಟೋ ಸಲ ನಮ್ಮ ಕೈಯಿಂದಲೇ. ಸಂತೆಯಿಂದ ರೆಕ್ಕೆ ಹೆಣೆದು ನೇತಾಡಿಸಿಕೊಂಡು ತಂದ ಬಾತಿನ ಭುಜ ಆಗಲೇ ಜಾರಿರುತ್ತದೆ.

ಸಂಜೆ ಗೂಡಿಗೆ ಹೋದ ಮೇಲೆ ಹಿಡಿಯುವುದು ಸುಲಭ. ಮೇಲಿನಿಂದ ಎರಡೂ ಕೈಗಳಲ್ಲಿ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿಯಿರಿ. ಎತ್ತಿ ಕಂಕುಳಲ್ಲಿ ಇಟ್ಟುಕೊಳ್ಳಿ, ಬಾತಿನ ಮುಖ ನಿಮ್ಮ ಬೆನ್ನ ಕಡೆಗೆ ಇರಲಿ. ಒಂದು ಕೈ ಹೊಟ್ಟೆಯ ಕೆಳಗೆ ಹೋಗಿ ಕಾಲುಗಳಿಗೆ ಆಸರೆ ಆಗಬೇಕು. ಎದೆಯನ್ನು ಗಟ್ಟಿಯಾಗಿ ಅಮುಕಬೇಡಿ. ಹಕ್ಕಿಗಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ-ಹೊಟ್ಟೆಯ ನಡುವೆ ಉಸಿರಾಟ ನಡೆಸುವ ಸ್ನಾಯುವಿನ ಪರದೆ, ಇಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರೇ ಉಸಿರು. ಹೆದರಿಕೆಯಲ್ಲಿ ಬಿಗಿಯಾಗಿ ಹಿಡಿದರೆ ನಿಮ್ಮ ಕೈಯಲ್ಲೇ ಉಸಿರುಗಟ್ಟುತ್ತದೆ. ತಲೆಗೆ ಒಂದು ತೆಳುವಾದ ಬೈರಾಸು (ಟವೆಲು) ಹಾಕಿದರೆ ಬಾತು ಬೇಗ ಶಾಂತವಾಗುತ್ತದೆ.

ಇನ್ನೊಬ್ಬರು ಹಿಡಿದುಕೊಂಡಿರಲಿ, ನೀವು ನೋಡಿ. ಮೊದಲು ಸರಿಯಿರುವ ರೆಕ್ಕೆಯನ್ನು ಮೆಲ್ಲಗೆ ಬಿಡಿಸಿ ಮಡಚಿ. ಭುಜ, ಮೊಣಕೈ, ಮಣಿಕಟ್ಟು ಹೇಗೆ ಆಡುತ್ತವೆ ಅಂತ ಬೆರಳಿಗೆ ಗೊತ್ತಾಗಲಿ. ಆಮೇಲೆ ತೊಂದರೆಯ ರೆಕ್ಕೆಗೆ ಬನ್ನಿ. ಭುಜದಿಂದ ತುದಿಯವರೆಗೆ ಮೂಳೆಯ ಮೇಲೆ ಬೆರಳು ಓಡಿಸಿ. ಕರಕರ ಅನ್ನುವುದು, ಇರಬಾರದ ಕಡೆ ಬಾಗುವುದು, ಬಿಸಿ, ಊತ, ಗಾಯ ಇದ್ದರೆ ಅದು ಪೆಟ್ಟು. ಅಲ್ಲಿಗೆ ನಿಲ್ಲಿಸಿ, ಪೆಟ್ಟಿನ ಬಗ್ಗೆ ಕೆಳಗೆ ಬರೆದದ್ದನ್ನು ನೋಡಿ.

ಅಂಥದ್ದೇನೂ ಇಲ್ಲ, ಮಣಿಕಟ್ಟಿನ ಮುಂದಿನ ಭಾಗ ಮಾತ್ರ ಹೊರಗೆ ತಿರುಗಿದೆ ಅಂದರೆ ಅದನ್ನು ಎರಡು ಬೆರಳಲ್ಲಿ ಹಿಡಿದು ಒಳಕ್ಕೆ, ಸಹಜವಾಗಿ ಮಡಚುವ ಜಾಗಕ್ಕೆ, ತಂದು ನೋಡಿ. ಮೆತ್ತಗೆ ಬಂದು ಅಲ್ಲೇ ಕೂರುತ್ತದಾ? ಹಾಗಿದ್ದರೆ ಕೀಲು ಇನ್ನೂ ಗಟ್ಟಿಯಾಗಿಲ್ಲ. ಅರ್ಧಕ್ಕೆ ಬಂದು ಗಟ್ಟಿಯಾಗಿ ನಿಂತುಬಿಡುತ್ತದಾ? ಅಲ್ಲಿಗೆ ಕೈ ಬಿಡಿ. ಮೂಳೆ ಆ ಆಕಾರಕ್ಕೇ ಬೆಳೆದಾಗಿದೆ. ಒತ್ತಾಯ ಮಾಡಿದರೆ ಮುರಿಯುತ್ತದೆ.

ಮೂಳೆ ಗಟ್ಟಿಯಾದದ್ದನ್ನು ಯಾಕೆ ಕಟ್ಟಬಾರದು

ಈ ತಿರುಚು ಆಗುವುದು ಮರಿ ಪ್ರಾಯದಲ್ಲಿ. ನಾಲ್ಕನೇ ವಾರದ ಆಸುಪಾಸಿನಲ್ಲಿ ರೆಕ್ಕೆಯಲ್ಲಿ ದೊಡ್ಡ ಗರಿಗಳು ಮೊಳೆಯುತ್ತವೆ. ಮಣಿಕಟ್ಟಿನಿಂದ ಮುಂದೆ ಅಂಥವು ಹತ್ತು. ರಕ್ತ ತುಂಬಿದ ಆ ಹತ್ತೂ ಎಳೆಗರಿಗಳ ಭಾರವನ್ನು ಹೊರಬೇಕಾದದ್ದು ಇನ್ನೂ ಮೆತ್ತಗಿರುವ ಒಂದು ಸಣ್ಣ ಕೀಲು. ತಿನಿಸು ಜಾಸ್ತಿಯಾಗಿ ಗರಿ, ಮಾಂಸ ಎಲ್ಲ ಸರಸರ ಬೆಳೆದರೆ ಕೀಲು ಆ ಓಟಕ್ಕೆ ಸಾಟಿಯಾಗುವುದಿಲ್ಲ. ಭಾರಕ್ಕೆ ಜಗ್ಗಿ ಹೊರಕ್ಕೆ ತಿರುಗುತ್ತದೆ. ಮ್ಯಾಂಗನೀಸ್, ವಿಟಮಿನ್ ಇ, ವಿಟಮಿನ್ ಡಿ ಕೊರತೆ ಇದ್ದರೆ ಇನ್ನೂ ಸುಲಭವಾಗಿ ತಿರುಗುತ್ತದೆ. ಆಗ ಸರಿಮಾಡದಿದ್ದರೆ ಮೂಳೆ ಹಾಗೇ ಗಟ್ಟಿಯಾಗುತ್ತದೆ, ಸುತ್ತಲಿನ ಸ್ನಾಯುವೂ ಅದಕ್ಕೆ ಹೊಂದಿಕೊಳ್ಳುತ್ತದೆ.

ಆಮೇಲೆ ಬ್ಯಾಂಡೇಜು ಎಷ್ಟು ದಿನ ಕಟ್ಟಿದರೂ ಮೂಳೆ ಕೇಳುವುದಿಲ್ಲ. ಕ್ಯಾಲ್ಸಿಯಂ ಟಾನಿಕ್, ವಿಟಮಿನ್ ಹನಿ ಕೊಟ್ಟರೂ ತಿರುಚಿದ್ದು ನೆಟ್ಟಗಾಗುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನ ಬಾತಿನ ನೋವಿನಿಂದ. ಸಾಕಲು ಶುರುಮಾಡಿದ ಹೊಸದರಲ್ಲಿ, ಒಂದು ವರ್ಷದ ಹೆಣ್ಣು ಬಾತಿಗೆ ಮೂರು ವಾರ ಎಡೆಬಿಡದೆ ರೆಕ್ಕೆ ಕಟ್ಟಿಟ್ಟೆ. ಅಗಲದ ಅಂಟುಟೇಪಿನಲ್ಲಿ. ಬಿಚ್ಚಿದಾಗ ಗರಿಗಳು ಟೇಪಿನ ಜೊತೆಯೇ ಬಂದವು. ಒಳಗೆ ಚರ್ಮ ಒದ್ದೆಯಾಗಿ ಕೊಳೆತು ಹುಣ್ಣಾಗಿತ್ತು. ತಿರುಚು ಇದ್ದ ಹಾಗೇ ಇತ್ತು, ಮೇಲಿನಿಂದ ಮೊಣಕೈ ಸೆಟೆದುಕೊಂಡಿತ್ತು. ಹುಣ್ಣು ಮಾಗಲು ಒಂದು ತಿಂಗಳು ಬೇಕಾಯಿತು. ಮೊದಲು ತನ್ನ ಪಾಡಿಗೆ ಕೆರೆಯಲ್ಲಿ ಈಜಿಕೊಂಡಿದ್ದ ಜೀವ ಅದು. ಅದಕ್ಕೆ ಇಲ್ಲದ ಕಷ್ಟ ತಂದದ್ದು ನಾನು. ಅದಕ್ಕೇ ಆ ಹುಡುಗನ ಬಾತಿಗೆ ಕಟ್ಟು ಹಾಕಲು ನನ್ನಿಂದ ಆಗಲಿಲ್ಲ.

ಹಾಗಾದರೆ ಏನು ಮಾಡಬಹುದು

ಬಾತು ಆರಾಮಾಗಿದ್ದು, ರೆಕ್ಕೆ ಎಲ್ಲಿಗೂ ಸಿಕ್ಕುತ್ತಿಲ್ಲ ಅಂದರೆ ಏನೂ ಮಾಡಬೇಕಾಗಿಲ್ಲ. ಸಾಕುವ ಬಾತುಗಳಲ್ಲಿ ಹೆಚ್ಚಿನವು, ಬಿಳಿ ಪೆಕಿನ್ ಅಂಥವು, ರೆಕ್ಕೆ ಸರಿಯಿದ್ದರೂ ಹಾರುವುದಿಲ್ಲ. ಈಜಲು, ಮೊಟ್ಟೆ ಇಡಲು, ಜೋಡಿಯಾಗಲು ಈ ತಿರುಚು ಅಡ್ಡಿಯಲ್ಲ. ನೋಡಲು ಚಂದ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅದನ್ನು ಹಿಂಸಿಸುವುದು ನನಗೆ ಸರಿ ಕಾಣುವುದಿಲ್ಲ.

ಚಾಚಿದ ಗರಿಗಳು ಬಲೆಗೆ, ಬೇಲಿಗೆ, ಗೂಡಿನ ಬಾಗಿಲಿಗೆ ಸಿಕ್ಕುತ್ತಿದ್ದರೆ ಅವನ್ನು ಕತ್ತರಿಸಿ. ಹುಡುಗನ ಬಾತಿಗೆ ನಾವು ಮಾಡಿದ್ದು ಇದನ್ನೇ.

ಬೆಳಕಿಗೆ ಹಿಡಿದು ಪ್ರತಿ ಗರಿಯ ದಂಟು ನೋಡಿ. ಪೂರ್ತಿ ಬೆಳೆದ ಗರಿಯ ದಂಟು ಬುಡದವರೆಗೆ ತಿಳಿಯಾಗಿ, ಟೊಳ್ಳಾಗಿ ಇರುತ್ತದೆ. ಕತ್ತರಿಸಿದರೆ ಉಗುರು ಕತ್ತರಿಸಿದ ಹಾಗೆ, ನೋವಿಲ್ಲ. ದಂಟು ಕಪ್ಪು-ನೀಲಿಯಾಗಿ ದಪ್ಪಗಿದ್ದರೆ ಒಳಗೆ ರಕ್ತ ಓಡುತ್ತಿದೆ. ಅದನ್ನು ಮುಟ್ಟಬೇಡಿ, ಇನ್ನೂ ಕೆಲವು ವಾರ ಕಾಯಿರಿ. ದೊಡ್ಡ ಗರಿಗಳ ಬುಡವನ್ನು ಸಣ್ಣ ಗರಿಗಳ ಒಂದು ಸಾಲು ಮುಚ್ಚಿರುತ್ತದೆ. ಆ ಸಾಲಿನ ಅಂಚಿನಿಂದ ಒಂದು ಇಂಚು ಹೊರಗೆ, ಹರಿತವಾದ ಕತ್ತರಿಯಲ್ಲಿ, ಒಂದೊಂದೇ ಗರಿಯನ್ನು ಕತ್ತರಿಸಿ. ಒಟ್ಟಿಗೆ ಹಿಡಿದು ಕತ್ತರಿಸಿದರೆ ಅಡಿಯಲ್ಲಿ ಬೆಳೆಯುತ್ತಿರುವ ಎಳೆಗರಿ ಕಾಣುವುದಿಲ್ಲ. ತೀರ ಗಿಡ್ಡ ಮಾಡಬೇಡಿ, ಚೂಪಾದ ದಂಟು ಬಾತಿನ ಪಕ್ಕೆಗೆ ಚುಚ್ಚುತ್ತದೆ.

ಅಕಸ್ಮಾತ್ ಎಳೆಗರಿ ತುಂಡಾಗಿ ರಕ್ತ ಬಂದರೆ ಮೆಕ್ಕೆಜೋಳದ ಹಿಟ್ಟು, ಅಂದರೆ ಅಡುಗೆಮನೆಯ ಕಾರ್ನ್‌ಫ್ಲೋರ್, ಚಿಟಿಕೆ ಹಾಕಿ ಶುದ್ಧ ಬಟ್ಟೆಯಲ್ಲಿ ಐದರಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ಆದರೂ ನಿಲ್ಲದಿದ್ದರೆ ಆ ಗರಿಯನ್ನು ಬುಡದಿಂದ ತೆಗೆಯಬೇಕಾಗುತ್ತದೆ. ಅದು ಡಾಕ್ಟರ ಕೆಲಸ.

ಗರಿ ಉದುರಿ ಹೊಸದು ಬಂದ ಮೇಲೆ ಮತ್ತೆ ಕತ್ತರಿಸಬೇಕು. ಹೆಚ್ಚು ಕಡಿಮೆ ವರ್ಷಕ್ಕೊಮ್ಮೆಯ ಕೆಲಸ ಅಂತ ಇಟ್ಟುಕೊಳ್ಳಿ.

ಇನ್ನು ಜಾಗ. ನಮ್ಮ ಕಡೆ ತೋಟದ ಬೇಲಿಗೆ ಹಳೆಯ ಮೀನುಬಲೆ ಕಟ್ಟುವ ರೂಢಿ ಇದೆ. ಅಗ್ಗ, ಬಾಳಿಕೆ ಬರುತ್ತದೆ, ಎಲ್ಲ ನಿಜ. ಆದರೆ ತಿರುಚಿದ ರೆಕ್ಕೆಯ ಬಾತಿಗೆ ಅದರಷ್ಟು ಅಪಾಯದ್ದು ಇನ್ನೊಂದಿಲ್ಲ. ಗರಿ ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಒದ್ದಾಡಿ, ನೈಲಾನ್ ದಾರ ಮಾಂಸಕ್ಕೆ ಇಳಿಯುತ್ತದೆ. ರಾತ್ರಿ ಸಿಕ್ಕಿದರೆ ನರಿಗೆ ತುತ್ತು. ಬಾತುಗಳು ಓಡಾಡುವ ಕಡೆ ನೆಲದಿಂದ ಎರಡು ಅಡಿ ಎತ್ತರದವರೆಗಾದರೂ ಬಲೆಯ ಬದಲು ತೆಂಗಿನ ಮಡಲು ಹೆಣೆದ ತಟ್ಟಿ ಅಥವಾ ಸಣ್ಣ ಕಣ್ಣಿನ ಗಟ್ಟಿ ಜಾಲರಿ ಹಾಕಿ. ಗೂಡಿನ ಬಾಗಿಲು ಅಗಲ ಇರಲಿ. ಕೆಂಪುಕಲ್ಲಿನ ಗೋಡೆಯ ಇಕ್ಕಟ್ಟಿನಲ್ಲಿ ನುಗ್ಗುವಾಗ ರೆಕ್ಕೆಯ ತುದಿ ದಿನಾ ಉಜ್ಜಿ ಹುಣ್ಣಾಗುತ್ತದೆ.

ಮುಖದ ಮೇಲೆ ಕೆಂಪು ಗಂಟು ಇರುವ ಮಸ್ಕೋವಿ ಬಾತು ನಿಮ್ಮಲ್ಲಿದ್ದರೆ ಇನ್ನೊಂದು ಎಚ್ಚರ. ಅದಕ್ಕೆ ಎತ್ತರಕ್ಕೆ ಹತ್ತುವ ಆಸೆ. ಹತ್ತುತ್ತದೆ, ಇಳಿಯುವಾಗ ರೆಕ್ಕೆ ಹಿಡಿಯದೆ ಕಲ್ಲಿನ ಹಾಗೆ ಬೀಳುತ್ತದೆ. ಹಟ್ಟಿಯ ಅಟ್ಟ, ಸೌದೆ ರಾಶಿ ಅದಕ್ಕೆ ಸಿಗದ ಹಾಗೆ ಮಾಡಿ.

ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ರೆಕ್ಕೆಯ ಅಡಿ ನೋಡಿ. ತಿರುಚಿದ ಭಾಗಕ್ಕೆ ಕೊಕ್ಕು ಸರಿಯಾಗಿ ತಲುಪದೆ ಅದು ಗರಿ ನೀವಿಕೊಳ್ಳುವುದು ಕಷ್ಟ. ಕೆಸರು ಕೂರುತ್ತದೆ, ಗಾಯವಿದ್ದರೆ ನೊಣ ಮೊಟ್ಟೆ ಇಟ್ಟು ಹುಳ ಆಗುತ್ತದೆ. ಮೈ ಮುಳುಗುವಷ್ಟು ಶುದ್ಧ ನೀರು ದಿನಾ ಸಿಗಬೇಕು. ಕೆರೆಯೇ ಬೇಕೆಂದಿಲ್ಲ, ದನಕ್ಕೆ ನೀರಿಡುವ ದೊಡ್ಡ ಬಾನಿಯೂ ಆದೀತು. ಮತ್ತೊಂದು ವಿಷಯ: ತೆಂಗಿನೆಣ್ಣೆ ಅರಸಿನ ಹಚ್ಚಬೇಡಿ. ನಮಗೆ ಎಲ್ಲ ಗಾಯಕ್ಕೂ ಅದೇ ಮದ್ದು, ಗೊತ್ತು. ಆದರೆ ಎಣ್ಣೆ ತಾಗಿದ ಗರಿ ನೀರು ತಡೆಯುವುದಿಲ್ಲ. ಬಾತು ಒಳಗಿನವರೆಗೆ ನೆನೆದು ಚಳಿ ಹಿಡಿಯುತ್ತದೆ.

ಶಸ್ತ್ರಚಿಕಿತ್ಸೆ ಇಲ್ಲವಾ ಅಂತ ಕೇಳುತ್ತಾರೆ. ಇದೆ. ಮೂಳೆ ಕತ್ತರಿಸಿ ತಿರುಗಿಸಿ ಕೂರಿಸುವುದು ಒಂದು. ಅದು ಕಷ್ಟದ್ದು, ಹಕ್ಕಿಗಳಲ್ಲಿ ಕೈ ಪಳಗಿದವರಿಗೆ ಮಾತ್ರ. ಮಣಿಕಟ್ಟಿನ ಹತ್ತಿರ ರೆಕ್ಕೆಯ ತುದಿಯನ್ನೇ ತೆಗೆಯುವುದು ಇನ್ನೊಂದು. ಮತ್ತೆ ಮತ್ತೆ ಗಾಯವಾಗಿ, ಕೀವಾಗಿ, ಗರಿ ಕತ್ತರಿಸಿದರೂ ಸುಧಾರಿಸದ ಬಾತಿಗೆ ಅದನ್ನು ಯೋಚಿಸಬಹುದು. ಎರಡಕ್ಕೂ ಅರಿವಳಿಕೆ ಬೇಕೇ ಬೇಕು. ನಮ್ಮ ಜಿಲ್ಲೆಗಳ ಡಾಕ್ಟರಿಗೆ ಹೆಚ್ಚಿನ ರೂಢಿ ದನ, ನಾಯಿಗಳದ್ದು. ಅವರು ಬೇಡ ಅಂದರೆ ಬೇಸರ ಬೇಡ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಮನೆಯಲ್ಲಿ ಕತ್ತಿ ಹಿಡಿಯುವ ಮಾತೇ ಬೇಡ.

ಕೀಲು ಇನ್ನೂ ಮೆತ್ತಗಿದ್ದರೆ

ನಿಮ್ಮ ಬಾತಿಗೆ ಮೂರು-ನಾಲ್ಕು ತಿಂಗಳಷ್ಟೇ ಆಗಿದ್ದು, ಬೆರಳಲ್ಲಿ ತಂದಾಗ ರೆಕ್ಕೆ ಸಲೀಸಾಗಿ ಒಳಗೆ ಕೂತರೆ ಒಂದು ಸಲ ಕಟ್ಟಿ ನೋಡಬಹುದು. ಗುಣವಾಗುತ್ತದೆ ಅಂತ ಮಾತು ಕೊಡಲಾರೆ. ಮರಿಗಳಲ್ಲಿ ಇದು ಚೆನ್ನಾಗಿ ಫಲ ಕೊಡುತ್ತದೆ, ಪ್ರಾಯ ಹೆಚ್ಚಾದ ಹಾಗೆ ಕಡಿಮೆ.

ತನಗೆ ತಾನೇ ಅಂಟುವ, ಗರಿಗೆ ಅಂಟದ ಬ್ಯಾಂಡೇಜು ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಎರಡು ಇಂಚು ಅಗಲದ್ದು ಸಾಕು. ರೆಕ್ಕೆಯನ್ನು ಸಹಜವಾಗಿ ಮಡಚಿ, ಗರಿಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯಾ ನೋಡಿ. ಮಣಿಕಟ್ಟಿನ ಹತ್ತಿರದಿಂದ ಶುರುಮಾಡಿ, ತುದಿಯ ದೊಡ್ಡ ಗರಿಗಳನ್ನೂ ಮುಂಗೈ ಭಾಗವನ್ನೂ ಸೇರಿಸಿ ಎರಡು ಮೂರು ಸುತ್ತು ಹಾಕಿ. ಮಡಚಿದ ರೆಕ್ಕೆ ಮಾತ್ರ ಸುತ್ತಿನೊಳಗೆ, ಮೈ ಬೇಡ. ಬ್ಯಾಂಡೇಜನ್ನು ಎಳೆದು ಬಿಗಿಯಬೇಡಿ, ಒಳಗೆ ಕಿರುಬೆರಳು ಹೋಗಬೇಕು. ಕಟ್ಟಿ ಬಿಟ್ಟ ಮೇಲೆ ಬಾತು ಸ್ವಲ್ಪ ಹೊತ್ತು ವಾಲುತ್ತದೆ, ಹಿಂದಕ್ಕೆ ನಡೆಯುತ್ತದೆ. ಗಾಬರಿ ಬೇಡ, ಹೊಂದಿಕೊಳ್ಳುತ್ತದೆ.

ಎರಡು ದಿನಕ್ಕೊಮ್ಮೆ ಬಿಚ್ಚಿ. ಚರ್ಮ ನೋಡಿ, ಅರ್ಧ ಗಂಟೆ ರೆಕ್ಕೆ ಬಡಿಯಲು ಬಿಡಿ, ಮತ್ತೆ ಕಟ್ಟಿ. ಒದ್ದೆಯಾದರೆ ಆಗಲೇ ಬದಲಿಸಿ. ಆ ದಿನಗಳಲ್ಲಿ ಕೆರೆಗೆ ಬಿಡಬೇಡಿ, ಆದರೆ ಮೂಗಿನವರೆಗೆ ಕೊಕ್ಕು ಅದ್ದುವಷ್ಟು ಆಳದ ನೀರು ಇಡಿ. ಒಂಟಿಯಾಗಿ ಕೂಡಿಹಾಕಬೇಡಿ, ಜೊತೆಯ ಬಾತು ಕಣ್ಣಿಗೆ ಕಾಣುತ್ತಿರಲಿ. ಒಂದು ವಾರದಲ್ಲಿ ಬದಲಾವಣೆ ಕಂಡರೆ ಇನ್ನೊಂದು ವಾರ. ಏನೂ ಕಾಣದಿದ್ದರೆ ಅಲ್ಲಿಗೇ ಬಿಟ್ಟುಬಿಡಿ.

ನಿಜವಾಗಿ ಪೆಟ್ಟಾಗಿದ್ದರೆ

ಇಲ್ಲಿ ತಡ ಮಾಡಬಾರದು. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಅಡಿಗೆ ಹಳೆ ಬೈರಾಸು ಹಾಸಿ, ಬಾತನ್ನು ಒಳಗಿಟ್ಟು ಕತ್ತಲೆಯ ಬೆಚ್ಚಗಿನ ಮೂಲೆಯಲ್ಲಿಡಿ. ರಕ್ತ ಬರುತ್ತಿದ್ದರೆ ಬಟ್ಟೆಯಿಂದ ಒತ್ತಿ ನಿಲ್ಲಿಸಿ. ಮೇಲುಗಾಯವನ್ನು ಉಪ್ಪುನೀರಿನಲ್ಲಿ ತೊಳೆಯಬಹುದು. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮುಕ್ಕಾಲು ಟೀ ಚಮಚ ಉಪ್ಪು. ಆದರೆ ಭುಜದ ಹತ್ತಿರ ಮೂಳೆ ಮುರಿದು ಹೊರಗೆ ಬಂದಿದ್ದರೆ ಅಲ್ಲಿಗೆ ನೀರು, ಔಷಧ ಏನನ್ನೂ ಸುರಿಯಬೇಡಿ. ಹಕ್ಕಿಯ ತೋಳಿನ ಮೂಳೆ ಟೊಳ್ಳು, ಅದರೊಳಗಿನ ಗಾಳಿಗೆ ಉಸಿರಿನ ಚೀಲಗಳ ಜೊತೆ ಸಂಪರ್ಕ ಇದೆ. ಸುರಿದ ನೀರು ನೇರ ಒಳಗೆ ಇಳಿಯುತ್ತದೆ. ಶುದ್ಧ ಒದ್ದೆ ಬಟ್ಟೆ ಮುಚ್ಚಿ ಡಾಕ್ಟರ ಹತ್ತಿರ ಹೋಗಿ.

ದಾರಿಯಲ್ಲಿ ಜೋಲುವ ರೆಕ್ಕೆ ಅಲ್ಲಾಡದ ಹಾಗೆ, ಅದನ್ನು ಮಡಚಿ ಮೈಗೆ ಸೇರಿಸಿ ಒಂದು ಸುತ್ತು ಬ್ಯಾಂಡೇಜು ಹಾಕಬಹುದು. ಎರಡು ಬೆರಳು ಸಲೀಸಾಗಿ ಒಳಗೆ ಹೋಗುವಷ್ಟು ಸಡಿಲ ಇರಲಿ. ಹಕ್ಕಿಯ ಮೂಳೆ ಬೇಗ ಕೂಡುತ್ತದೆ. ಎರಡು-ಮೂರು ವಾರದಲ್ಲಿ ಗಟ್ಟಿಯಾಗುತ್ತದೆ. ಅದಕ್ಕೇ ಮೊದಲ ದಿನವೇ ಸರಿಯಾಗಿ ಕೂರಿಸಬೇಕು. ವಾರ ಬಿಟ್ಟು ಹೋದರೆ ಸೊಟ್ಟಗೆ ಕೂಡಿಕೊಂಡಿರುತ್ತದೆ.

ನಾಯಿ ಕಚ್ಚಿದ್ದರೆ ಗರಿ ಸರಿಸಿ ಹುಡುಕಿ. ಹೊರಗಿನಿಂದ ಸೂಜಿ ಚುಚ್ಚಿದಷ್ಟು ಕಾಣುವ ಗಾಯ ಒಳಗೆ ಆಳ ಇರುತ್ತದೆ, ನಂಜಾಗುತ್ತದೆ. ಇಂಥ ಬಾತಿಗೆ ಅವತ್ತೇ ಆ್ಯಂಟಿಬಯಾಟಿಕ್ ಬೇಕು, ಅದೂ ಡಾಕ್ಟರು ತೂಕ ನೋಡಿ ಕೊಟ್ಟದ್ದು. ನಿಮ್ಮ ಮನೆಯ ನೋವಿನ ಮಾತ್ರೆ ಪುಡಿಮಾಡಿ ಕುಡಿಸಬೇಡಿ. ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧ ಕೊಟ್ಟಿದ್ದ ದನಗಳ ಹೆಣ ತಿಂದೇ ನಮ್ಮ ದೇಶದ ರಣಹದ್ದುಗಳು ಬಹುತೇಕ ಅಳಿದವು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿದರು. ಮನುಷ್ಯರಿಗೆ ಸರಿಯಾದದ್ದು ಹಕ್ಕಿಯ ಮೂತ್ರಪಿಂಡಕ್ಕೆ ವಿಷ ಆಗಬಹುದು. ಔಷಧ ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಲು ಮರೆಯಬೇಡಿ.

ಊರಿನ ಪಶು ಆಸ್ಪತ್ರೆ ದೂರವಿದ್ದರೆ 1962 ನಂಬರಿಗೆ ಫೋನ್ ಮಾಡಿ ವಿಚಾರಿಸಿ. ಸರಕಾರದ ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ ಅದು.

ಗದ್ದೆಯಲ್ಲಿ ಸಿಕ್ಕ ಸಿಳ್ಳೆ ಬಾತು ಅಥವಾ ಬೇರೆ ಕಾಡುಬಾತಿಗೆ ಪೆಟ್ಟಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಮನೆಯಲ್ಲಿ ಸಾಕುವ ಹಾಗಿಲ್ಲ.

ಮುಂದಿನ ಮರಿಗಳಿಗೆ ಹೀಗಾಗದ ಹಾಗೆ

ನಮ್ಮ ಫೀಡ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಬ್ರಾಯ್ಲರ್ ಕೋಳಿಯ ಫೀಡು. ಅದರಲ್ಲಿ ಪ್ರೋಟೀನು ಶೇಕಡಾ 20ರಿಂದ 23ರಷ್ಟು. ಆರು ವಾರದಲ್ಲಿ ಮಾಂಸಕ್ಕೆ ತಯಾರಾಗಬೇಕಾದ ಕೋಳಿಗೆಂದು ಮಾಡಿದ್ದು. ಬಾತುಮರಿಗೆ ಮೊದಲ ಎರಡು ವಾರ ಅದು ಪರವಾಗಿಲ್ಲ. ಕ್ರಿಸ್‌ಮಸ್ಸಿಗೆ ತೂಕ ಬರಲಿ ಅಂತ ಎರಡು ತಿಂಗಳೂ ಅದನ್ನೇ ದಿನವಿಡೀ ಇಟ್ಟರೆ, ಮೇಲಿನಿಂದ ಉಳಿದ ಕುಚ್ಚಲಕ್ಕಿ ಅನ್ನ, ಬೇಕರಿಯ ಹಳೇ ಬ್ರೆಡ್ಡು, ಮಂಡಕ್ಕಿ ಸುರಿದರೆ, ಚಿಕ್ಕ ಗೂಡಿನಲ್ಲಿ ಕೂಡಿಟ್ಟರೆ, ರೆಕ್ಕೆ ತಿರುಗಲು ಬೇಕಾದದ್ದೆಲ್ಲ ಅಲ್ಲಿದೆ.

ನಾನು ಮೂರನೇ ವಾರದಿಂದ ಪ್ರೋಟೀನು ಶೇಕಡಾ 15-16ರ ಆಸುಪಾಸಿನ ಫೀಡಿಗೆ ಇಳಿಸುತ್ತೇನೆ. ಚೀಲದ ಮೇಲೆ ಅಚ್ಚಾಗಿರುತ್ತದೆ, ಓದಿ ತೆಗೆದುಕೊಳ್ಳಿ. ಬೆಳಿಗ್ಗೆ, ಸಂಜೆ ಎರಡೇ ಹೊತ್ತು, ರಾತ್ರಿ ಫೀಡ್ ಇಲ್ಲ. ನಡುವೆ ಹೆಚ್ಚಿದ ಹರಿವೆ, ಬಸಳೆ, ನುಗ್ಗೆ ಸೊಪ್ಪು, ತೊಟ್ಟಿಯಲ್ಲಿ ಬೆಳೆಸಿದ ಅಜೋಲಾ ಅನ್ನುವ ನೀರುಸಸ್ಯ. ಬಿಸಿಲು ಬಂದ ಕೂಡಲೇ ತೋಟಕ್ಕೆ ಬಿಡುತ್ತೇನೆ. ಹುಳ, ಬಸವನಹುಳು ಹುಡುಕುತ್ತಾ ಇಡೀ ದಿನ ನಡೆದ ಮರಿ ನಿಧಾನವಾಗಿ ಬೆಳೆಯುತ್ತದೆ, ಗಟ್ಟಿಯಾಗಿ ಬೆಳೆಯುತ್ತದೆ.

ಮೂರನೇ ವಾರದಿಂದ ಎಂಟನೇ ವಾರದವರೆಗೆ ದಿನಾ ಸಂಜೆ ಗೂಡಿಗೆ ಹಾಕುವಾಗ ಒಂದೊಂದರ ರೆಕ್ಕೆ ನೋಡಿ. ತುದಿ ಸ್ವಲ್ಪ ಜೋತು ಹೊರಕ್ಕೆ ತಿರುಗಲು ಶುರುವಾಗಿದೆ ಅನ್ನಿಸಿದರೆ ಅವತ್ತೇ, ಮೇಲೆ ಹೇಳಿದ ಹಾಗೆ ಮಡಚಿ ಕಟ್ಟಿ. ಮರಿಯ ಕಟ್ಟನ್ನು ದಿನಾ ಬಿಚ್ಚಿ ನೋಡಿ, ಬೇಗ ಬೆಳೆಯುವುದರಿಂದ ಬೇಗ ಬಿಗಿಯಾಗುತ್ತದೆ. ಎಷ್ಟೋ ಸಲ ಮೂರು-ನಾಲ್ಕು ದಿನದಲ್ಲೇ ರೆಕ್ಕೆ ತನ್ನ ಜಾಗದಲ್ಲಿ ಕೂತಿರುತ್ತದೆ. ಬೆಳೆದ ಬಾತಿಗೆ ತಿಂಗಳುಗಟ್ಟಲೆ ಕಟ್ಟಿದರೂ ಆಗದ್ದು ಇಲ್ಲಿ ನಾಲ್ಕು ದಿನದಲ್ಲಿ ಆಗುತ್ತದೆ.

ಆ ಹುಡುಗ ಹೋಗುವಾಗ ಇನ್ನೊಂದು ಕೇಳಿದ. "ಅಕ್ಕಾ, ಇದರ ಮೊಟ್ಟೆ ಕಾವಿಗೆ ಇಡಬಹುದಾ?" ಇಡಬಹುದು ಅಂದೆ. ಹೆಚ್ಚಿನ ಸಲ ಇದು ತಿನಿಸಿನಿಂದ ಬಂದ ತೊಂದರೆ. ಆದರೆ ವಂಶದ ಪಾಲೂ ಸ್ವಲ್ಪ ಇರುವುದರಿಂದ, ಸರಿಯಾಗಿ ಸಾಕಿದ ಮೇಲೂ ಅದರ ಮರಿಗಳಲ್ಲಿ ಎರಡು ಮೂರಕ್ಕೆ ಹೀಗೇ ಆದರೆ ಮುಂದೆ ಅದರ ಮೊಟ್ಟೆ ಅಡುಗೆಗೆ ಮಾತ್ರ ಇರಲಿ. ಈ ಮಾರ್ಚಿನಲ್ಲಿ ಅವನ ಮನೆಯಲ್ಲಿ ಏಳು ಮರಿ ಆದವು. ಐದನೇ ವಾರದಲ್ಲಿ ಒಂದರ ರೆಕ್ಕೆ ಹೊರಕ್ಕೆ ತಿರುಗಲು ಶುರುವಾಗಿತ್ತು. ಅವನೇ ಕಟ್ಟಿ, ನಾಲ್ಕನೇ ದಿನ ಬಿಚ್ಚಿದ. ಈಗ ಏಳರಲ್ಲಿ ಅದು ಯಾವುದು ಅಂತ ಅವನಿಗೂ ಗುರುತು ಸಿಗುವುದಿಲ್ಲವಂತೆ.